ಕಂದರದ ಪವರ್ ಹೌಸೂ ನಮ್ಮ ಮನೆಯ ದೀಪವೂ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಂದು ಇಪ್ಪತ್ತೈದು ವರ್ಷ ತುಂಬಿದೆ. ಈ ಸಂತೋಷದ ಗಳಿಗೆಯಲ್ಲಿ ‘ನಮ್ಮ ಭಾಗದ ಪರಂಪರೆ’ ಎಂಬ ವಿಷಯದ ಮೇಲೆ ಎರಡು ಮಾತು ಆಡಬೇಕೆಂದು ಆಡಳಿತ ಮಂಡಳಿಯವರು ನಮಗೆ ಅಪ್ಪಣೆ ಮಾಡಿದ್ದಾರೆ. ಪರಂಪರೆ ಅಂದಕೂಡಲೆ ನಿಮ್ಮ ಮನಸ್ಸು ಗುಡಿ ಗೋಪುರದ ಕಡೆ ಹೋಗುವುದು ಸಹಜ. ಫಾಲ್ಸಿನ ದಂಡೆಯ ಮೇಲೆ ಚಾಲುಕ್ಯರ ಕಾಲದ ಮಹಾಲಿಂಗೇಶ್ವರನ ಗುಡಿ ಇದೆ, ಅದಕ್ಕೆ ನಾವೆಲ್ಲ ಕೈಮುಗಿಯುತ್ತೇವೆ. ಆದರೆ ಇವತ್ತು ನಾವು ಗುಡಿಯ ಮಾತು ಆಡುವುದಿಲ್ಲ. ಯಾರೂ ಕೈಮುಗಿಯದ, ಯಾರೂ ತಿರುಗಿ ನೋಡದ ಒಂದು ಹಳೆಯ ಯಂತ್ರದ ಮನೆಯ ಮಾತು ಆಡುತ್ತೇವೆ. ಫಾಲ್ಸಿನ ಬುಡದಲ್ಲಿ, ಕಂದರದಲ್ಲಿ ನಿಂತಿರುವ ಹಳೆಯ ಪವರ್ ಹೌಸಿನ ಮಾತು.

ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ದೂರ ಹೋಗಿ ಬರೋಣ. ದೂರ ಅಂದರೆ ಬಹಳ ದೂರ, ಆಸ್ಟ್ರೇಲಿಯಾ ಖಂಡಕ್ಕೆ. ಅಲ್ಲಿ ದಕ್ಷಿಣದ ಸಮುದ್ರದ ದಂಡೆಯಲ್ಲಿ ಯೂಕ್ಲಾ ಎಂಬ ಜಾಗವಿದೆ. ಸುತ್ತಮುತ್ತ ಮೈಲುಗಟ್ಟಲೆ ಬಯಲು, ಮುಂದೆ ಸಮುದ್ರ. ಅಂಥಲ್ಲಿ 1877ರಲ್ಲಿ ಒಂದು ತಾರು ಕಚೇರಿ ಸುರುವಾಯಿತು. ಪೂರ್ವದ ಊರುಗಳ ಸುದ್ದಿ ಪಶ್ಚಿಮಕ್ಕೆ, ಪಶ್ಚಿಮದ ಸುದ್ದಿ ಪೂರ್ವಕ್ಕೆ ಹೋಗಬೇಕಾದರೆ ಆ ಕಚೇರಿಯನ್ನು ದಾಟಿಯೇ ಹೋಗಬೇಕು.

ಅಲ್ಲಿ ಒಂದು ಸೋಜಿಗ ಇತ್ತು. ಆಗ ದಕ್ಷಿಣ ಆಸ್ಟ್ರೇಲಿಯಾ ಬೇರೆ, ಪಶ್ಚಿಮ ಆಸ್ಟ್ರೇಲಿಯಾ ಬೇರೆ. ಎರಡೂ ಕಡೆಯ ತಾರಿನ ಲಿಪಿಯೂ ಬೇರೆ. ಚುಕ್ಕೆ ಗೆರೆಗಳ ಸಂಕೇತ ಒಬ್ಬರದು ಒಬ್ಬರಿಗೆ ಹೊಂದುತ್ತಿರಲಿಲ್ಲ. ಹಾಗಾಗಿ ಒಂದೇ ಕಚೇರಿಯಲ್ಲಿ ಎರಡೂ ಕಡೆಯ ನೌಕರರು ಕೂಡುತ್ತಿದ್ದರು, ನಡುವೆ ಒಂದು ಅಡ್ಡಗೋಡೆಯಂಥ ಹಲಗೆ. ಈ ಕಡೆಯವನು ಕಟ್ಟಕಡ ಸಪ್ಪಳ ಕೇಳಿ ಕಾಗದದ ಮೇಲೆ ಬರೆಯುವುದು, ಆ ಚೀಟಿಯನ್ನು ಹಲಗೆಯ ಆಚೆಗೆ ಕೈಯಿಂದ ಕೈಗೆ ಕೊಡುವುದು, ಆ ಕಡೆಯವನು ಅದನ್ನು ತನ್ನ ಲಿಪಿಯಲ್ಲಿ ಮುಂದಕ್ಕೆ ಬಡಿಯುವುದು. ನೋಡ್ರಿ, ನೂರಾರು ಮೈಲಿ ಮಿಂಚಿನ ಹಾಗೆ ಓಡಿ ಬಂದ ಸುದ್ದಿ ಆ ಒಂದು ಮೊಳದ ಜಾಗದಲ್ಲಿ ಮನುಷ್ಯನ ಕೈ ಇಲ್ಲದೆ ದಾಟುತ್ತಿರಲಿಲ್ಲ. ಈ ಮಾತು ನೆನಪಿಡ್ರಿ, ಮುಂದೆ ಬೇಕಾಗುತ್ತದೆ.

ಮುಂದೆ ಮೊಲಗಳ ಹಿಂಡು ಬಂದು ಮರಳುದಿಬ್ಬದ ಮೇಲಿನ ಹುಲ್ಲು ಗಿಡ ತಿಂದುಹಾಕಿದವು. ಬೇರು ಸತ್ತ ಮೇಲೆ ಮರಳು ತಡೆಯುವವರು ಯಾರು? ಗಾಳಿಗೆ ಮರಳು ಎದ್ದು ಕಚೇರಿಯ ಮೇಲೆ ಬಂದು ಬೀಳತೊಡಗಿತು. 1927ರ ಹೊತ್ತಿಗೆ ತಂತಿಯ ಮಾರ್ಗವನ್ನು ಉತ್ತರದ ರೈಲು ಹಳಿಯ ಬದಿಗೆ ಒಯ್ದು ಈ ಕಚೇರಿ ಮುಚ್ಚಿದರು. ಈಗ ಅಲ್ಲಿ ಉಳಿದಿರುವುದು ಛಾವಣಿಯಿಲ್ಲದ ಕಲ್ಲಿನ ಗೋಡೆಗಳು. ಒಮ್ಮೊಮ್ಮೆ ಅರ್ಧ ಮರಳಿನೊಳಗೆ, ಒಮ್ಮೊಮ್ಮೆ ಹೊರಗೆ. ಆದರೂ ಮಂದಿ ದೂರದಿಂದ ಬಂದು ಆ ಗೋಡೆ ನೋಡಿಕೊಂಡು ಹೋಗುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ನಮ್ಮ ದೇಶದಲ್ಲಿ ತಾರು ಸೇವೆ ಸಾರ್ವಜನಿಕರಿಗೆ ತೆರೆದದ್ದು 1855ರಲ್ಲಿ, ನಿಂತದ್ದು 2013ರ ಜುಲೈದಲ್ಲಿ. ಅಂದರೆ ನಮ್ಮ ಸಂಘ ಹುಟ್ಟಿದಾಗ ತಾರು ಇನ್ನೂ ಜೀವಂತ ಇತ್ತು. ಇಲ್ಲಿ ಕುಳಿತಿರುವ ಹಿರಿಯರಿಗೆ ನೆನಪಿರಬೇಕು, ‘ತಾರು ಬಂದೈತಿ’ ಅಂದರೆ ಸಾಕು, ಕಾಗದ ಒಡೆಯುವ ಮೊದಲೇ ಮನೆಯೊಳಗೆ ಅಳು ಸುರುವಾಗುತ್ತಿತ್ತು. ಇಂಗ್ಲಿಷ್ ಬಲ್ಲ ಮಾಸ್ತರರನ್ನು ಹುಡುಕಿಕೊಂಡು ಓಡಬೇಕು. ಅವರು ಚಾಳೀಸು ಏರಿಸಿ ಓದಿ, ‘ಏ, ಅಳಬ್ಯಾಡ್ರಿ, ಮೊಮ್ಮಗ ಹುಟ್ಯಾನ’ ಅಂದ ಮೇಲೆ ಅದೇ ಮನೆಯಲ್ಲಿ ಸಕ್ಕರೆ ಹಂಚುತ್ತಿದ್ದರು. ಅಲ್ಲಿಯೂ ಅದೇ ಮಾತು. ತಂತಿ ಎಷ್ಟೇ ದೂರದಿಂದ ಬರಲಿ, ಕೊನೆಗೆ ನಮಗೆ ಸುದ್ದಿ ಮುಟ್ಟಿಸಿದ್ದು ಒಬ್ಬ ಅಂಚೆಯವನ ಸೈಕಲ್ಲು, ಒಬ್ಬ ಮಾಸ್ತರರ ಕಣ್ಣು.

ಬಂಧುಗಳೆ, ಯೂಕ್ಲಾದ ಗೋಡೆ ನೋಡಲು ಮಂದಿ ಮರಳುಗಾಡು ದಾಟಿ ಹೋಗುತ್ತಾರೆ. ನಮ್ಮ ಗೋಕಾಕ ಫಾಲ್ಸಿಗೆ ಮಳೆಗಾಲದ ಭಾನುವಾರ ಸಾವಿರಾರು ಮಂದಿ ಬರುತ್ತಾರೆ. ನೀರು ನೋಡುತ್ತಾರೆ, ಫೋಟೋ ಹೊಡೆಸಿಕೊಳ್ಳುತ್ತಾರೆ, ಮೆಕ್ಕೆತೆನೆ ತಿನ್ನುತ್ತಾರೆ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಕೆಳಗೆ ಕಂದರದಲ್ಲಿ ಏನಿದೆ ಎಂದು ಕೇಳುವವರು ನೂರರಲ್ಲಿ ಒಬ್ಬರು. ಅವರನ್ನೇನು ಅನ್ನುವುದು, ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ನಮ್ಮ ಘಟಪ್ರಭೆ ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲೂಕು ಹಾಯ್ದು ಇಲ್ಲಿಗೆ ಬರುತ್ತಾಳೆ. ಇಲ್ಲಿ ಕುದುರೆಯ ಲಾಳದ ಆಕಾರದ ಬಂಡೆಯಿಂದ ಸುಮಾರು 170 ಅಡಿ, ಅಂದರೆ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಕವಿಗೆ ಅದು ಸೌಂದರ್ಯ, ಭಕ್ತನಿಗೆ ಗಂಗೆ. ಯಂತ್ರ ಬಲ್ಲವನಿಗೆ ಅದು ಬಲ. ಹೇಗೆ ಅಂತೀರಾ? ಒಂದು ಲೆಕ್ಕ ಹೇಳುತ್ತೇವೆ, ಸಾಲೀ ಮಕ್ಕಳು ಮನೆಗೆ ಹೋಗಿ ಮಾಡಿ ನೋಡಲಿ. ನಮ್ಮ ಅವ್ವಂದಿರು ತಲೆಯ ಮೇಲೆ ಹೊರುವ ಕೊಡದಲ್ಲಿ 15 ಲೀಟರ್ ನೀರು ಅಂತ ಹಿಡಿಯಿರಿ. ಆ ಒಂದು ಕೊಡ ನೀರು ಫಾಲ್ಸಿನ ನೆತ್ತಿಯಿಂದ ಬುಡಕ್ಕೆ ಬೀಳುವಾಗ ಅದರ ಬಲವನ್ನೆಲ್ಲ ಪೋಲಾಗದಂತೆ ಹಿಡಿದರೆ, 60 ವ್ಯಾಟಿನ ಒಂದು ಹಳೇ ಬಲ್ಬು ಎರಡು ನಿಮಿಷ ಉರಿಯುತ್ತದೆ. ಈಗಿನ 9 ವ್ಯಾಟಿನ ಎಲ್ಇಡಿ ಬಲ್ಬಾದರೆ ಹದಿನಾಲ್ಕು ನಿಮಿಷ. ಯಂತ್ರದಲ್ಲಿ ಒಂದಿಷ್ಟು ಸೋರಿಹೋಗುವುದು ಇದ್ದೇ ಇದೆ, ಅದನ್ನು ಕಳೆಯಿರಿ. ಒಂದು ಕೊಡಕ್ಕೆ ಇಷ್ಟಾದರೆ ಇಡೀ ಹೊಳೆಗೆ ಎಷ್ಟಾಯಿತು?

ಈ ಲೆಕ್ಕವನ್ನು ನೂರಾ ನಲವತ್ತು ವರ್ಷದ ಹಿಂದೆಯೇ ಹಾಕಿದವರಿದ್ದರು. 1885ರಲ್ಲಿ ಇಲ್ಲಿ ಗಿರಣಿ ಕಂಪನಿ ಹುಟ್ಟಿತು. ಅದರ ಹೆಸರೇ ‘ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ’. ನೋಡ್ರಿ, ಹೆಸರಿನಲ್ಲಿ ಮೊದಲು ನೀರು, ಆಮೇಲೆ ಮಾಲು. 1887ರಿಂದ ಈ ನೀರಿನ ಬಲವೇ ಗಿರಣಿಯನ್ನು ತಿರುಗಿಸತೊಡಗಿತು. ಬೇಸಿಗೆಯಲ್ಲಿ ಹೊಳೆ ಸಣ್ಣದಾಗುತ್ತದೆ, ಗಿರಣಿ ಮಾತ್ರ ನಿಲ್ಲುವಂತಿಲ್ಲ. ಅದೇ ಶತಮಾನದ ಕೊನೆಯಲ್ಲಿ ಮೇಲೆ ಧೂಪದಾಳದಲ್ಲಿ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಅಲ್ಲಿಂದಲೇ ಗೋಕಾಕ ಕಾಲುವೆ ಹೊರಟಿತು. ಗಿರಣಿಗೂ ಹೊಲಕ್ಕೂ ಒಂದೇ ಹೊಳೆಯ ನೀರು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ‘ಇಡೀ ದೇಶದಾಗ ಮೊದಲು ಕರೆಂಟು ಹುಟ್ಟಿದ್ದು ನಮ್ಮ ಫಾಲ್ಸಿನಾಗ’ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಡಾರ್ಜಿಲಿಂಗಿನವರು ‘1897ರಲ್ಲಿ ಸಿದ್ರಾಪೊಂಗದಲ್ಲಿ ನಮ್ಮದೇ ಮೊದಲು’ ಎನ್ನುತ್ತಾರೆ. ಮೈಸೂರಿನ ಕಡೆಯವರು 1902ರ ಶಿವನಸಮುದ್ರದ ಹೆಸರು ಹೇಳುತ್ತಾರೆ. ಈ ಜಗಳ ನಮಗೆ ಬ್ಯಾಡ. ನೀರಿನ ಬಲದಿಂದ ಗಿರಣಿ ತಿರುಗಿಸುವುದು ಬೇರೆ, ವಿದ್ಯುತ್ತು ಹುಟ್ಟಿಸಿ ಗಿರಣಿಗೆ ಕೊಡುವುದು ಬೇರೆ, ಊರ ಬೀದಿಗೆ ದೀಪ ಹಚ್ಚುವುದು ಬೇರೆ. ಒಂದೊಂದರಲ್ಲಿ ಒಬ್ಬೊಬ್ಬರು ಮೊದಲು. ಆದರೆ ಇಷ್ಟಂತೂ ಖರೆ. ಅಮೆರಿಕದ ನಯಾಗರಾದಲ್ಲಿ ದೊಡ್ಡ ವಿದ್ಯುತ್ ಕೇಂದ್ರ ಸುರುವಾದದ್ದು 1895ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ನಮ್ಮ ಘಟಪ್ರಭೆ ಗಿರಣಿಯ ಪಗಾರಕ್ಕೆ ದುಡಿಯಲು ನಿಂತಿದ್ದಳು. ನಮ್ಮ ಫಾಲ್ಸನ್ನು ಚಿಕ್ಕ ನಯಾಗರಾ ಎಂದು ಕರೆಯುವವರು ಈ ಒಂದು ಮಾತನ್ನೂ ಸೇರಿಸಿ ಹೇಳಿದರೆ ಚೆನ್ನ.

ಆ ಕಾಲದ ಇನ್ನೊಂದು ಗುರುತು ಹೊಳೆಯ ಮೇಲಿನ ತೂಗುಸೇತುವೆ. 201 ಮೀಟರ್ ಉದ್ದ, ಕೆಳಗಿನ ಬಂಡೆಯಿಂದ 14 ಮೀಟರ್ ಎತ್ತರ. ಅದು ತೂಗುವಾಗ ಎದೆ ಡವಡವ ಅನ್ನದವರು ನಮ್ಮಲ್ಲಿ ಯಾರಿದ್ದಾರೆ? ಹೊಸದಾಗಿ ಲಗ್ನವಾದವರು ಅದರ ಮೇಲೆ ಕೈ ಕೈ ಹಿಡಿದುಕೊಂಡು ನಡೆದ ನೆನಪು ಇಲ್ಲಿ ಎಷ್ಟೋ ಮಂದಿ ಅಜ್ಜ ಅಜ್ಜಿಯರಿಗೆ ಇದೆ, ನಾಚಿಕೊಂಡು ಹೇಳುವುದಿಲ್ಲ ಅಷ್ಟೆ.

ಹಾಗಾದರೆ ಈ ಪವರ್ ಹೌಸಿನ ಪರಂಪರೆ ಅಂದರೆ ಬರೇ ಹೆಮ್ಮೆಯೇ? ಅಲ್ಲ. ಇದರಲ್ಲಿ ಒಂದು ನೋವೂ ಇದೆ. ಹಿರಿಯರು ಹೇಳುತ್ತಿದ್ದರು, ರಾತ್ರಿ ಗಿರಣಿಯ ಕಡೆ ನೋಡಿದರೆ ಅಲ್ಲಿ ಬೆಳಕು. ಇತ್ತ ಹಳ್ಳಿಯ ಕಡೆ ನೋಡಿದರೆ ಕತ್ತಲು. ಪಾಳಿ ಮುಗಿಸಿಕೊಂಡು ಬಂದ ಗಂಡಸು, ಹಗಲೆಲ್ಲ ಯಂತ್ರದ ಮುಂದೆ ದುಡಿದು, ಮನೆಗೆ ಬಂದು ಚಿಮಣಿ ಎಣ್ಣೆಯ ಬೆಳಕಿನಲ್ಲಿ ರೊಟ್ಟಿ ಮುರಿಯುತ್ತಿದ್ದ. ನಮ್ಮ ಹೊಳೆಯ ನೀರು, ನಮ್ಮ ಮಂದಿಯ ಬೆವರು, ಆದರೆ ಬಲ ಗಿರಣಿಯ ಕಾಂಪೌಂಡು ದಾಟಿ ಹಳ್ಳಿಗೆ ಬರಲು ಬಹಳ ವರ್ಷ ಹಿಡಿಯಿತು. ಯಾರನ್ನೂ ಬೈಯಲು ಈ ಮಾತು ಹೇಳುತ್ತಿಲ್ಲ. ಕಂಪನಿ ಕಟ್ಟಿದ್ದು ನೂಲು ತೆಗೆಯಲು, ಊರಿಗೆ ದೀಪ ಹಚ್ಚಲು ಅಲ್ಲ. ಆ ಗಿರಣಿಯಿಂದ ಸಾವಿರಾರು ಮನೆಗಳ ಒಲೆ ಉರಿದದ್ದನ್ನು ನಾವು ಮರೆಯಬಾರದು. ಗಡಿಯಾರ ಇಲ್ಲದ ಮನೆಗೆ ಗಿರಣಿಯ ಭೋಂಗಾವೇ ಗಡಿಯಾರ ಆಗಿತ್ತು. ಆದರೆ ಬಲ ಹುಟ್ಟುವುದು ಒಂದು, ಅದು ಕಟ್ಟಕಡೆಯ ಮನೆಗೆ ಮುಟ್ಟುವುದು ಇನ್ನೊಂದು. ನಡುವೆ ಕೈಯಿಂದ ಕೈಗೆ ದಾಟಿಸುವವರು ಬೇಕು. ಯೂಕ್ಲಾದ ಆ ಹಲಗೆಯ ಮಾತು ಇಲ್ಲಿ ನೆನಪಿಗೆ ಬರುತ್ತದೆ.

ಬಂಧುಗಳೆ, 1905ನೇ ಇಸವಿ ನೆನಪಿಡಿ. ಆ ವರ್ಷ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದವು. ಅದೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಒಂದೇ ವರ್ಷ, ಎರಡು ದೀಪ. ಒಂದು ಪಟ್ಟಣದ ಕಂಬದ ಮೇಲೆ, ಇನ್ನೊಂದು ಹಳ್ಳಿಯ ಕಟ್ಟೆಯ ಮೇಲೆ. ಈ ಎರಡೂ ಒಂದಕ್ಕೊಂದು ಕೂಡಲು ಅರವತ್ತನಾಲ್ಕು ವರ್ಷ ಹಿಡಿಯಿತು. ಕೂಡಿದ್ದು ಎಲ್ಲಿ? ಬೇರೆಲ್ಲೂ ಅಲ್ಲ, ನಮ್ಮ ಮಗ್ಗುಲಿನ ಹುಕ್ಕೇರಿಯಲ್ಲಿ.

1969ರಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಹಳ್ಳಿಗಳ ವಿದ್ಯುದೀಕರಣಕ್ಕೆ ಸಾಲ ಕೊಡಲು ಕೇಂದ್ರ ಸರಕಾರ ನಿಗಮ ಮಾಡಿದ್ದೂ ಅದೇ ವರ್ಷ. ‘ಮಂದಿಯೇ ಶೇರು ಹಾಕಿ, ಮಂದಿಯೇ ಆಡಳಿತ ಮಾಡಿ, ಮಂದಿಯೇ ವಿದ್ಯುತ್ತು ಹಂಚಿಕೊಳ್ಳಲಿ, ಆಗುತ್ತದೆಯೋ ಇಲ್ಲವೋ ನೋಡೋಣ’ ಎಂದು ದೇಶದಲ್ಲಿ ಐದು ಕಡೆ ಪ್ರಯೋಗ ಮಾಡಿದರು. ಮಹಾರಾಷ್ಟ್ರದಲ್ಲಿ ಮುಳಾ-ಪ್ರವರಾ, ಗುಜರಾತಿನಲ್ಲಿ ಕೊಡಿನಾರ, ಆಗಿನ ಆಂಧ್ರದಲ್ಲಿ ಸಿರಿಸಿಲ್ಲಾ, ಉತ್ತರ ಪ್ರದೇಶದಲ್ಲಿ ಲಖನೌ, ಕರ್ನಾಟಕದಲ್ಲಿ ನಮ್ಮ ಹುಕ್ಕೇರಿ. ನಮ್ಮ ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ. ವಿದ್ಯುತ್ತು ತರುವುದು ಸರಕಾರದ ಕಡೆಯಿಂದ, ಮನೆ ಮನೆಗೆ, ಪಂಪಸೆಟ್ಟಿಗೆ ಮುಟ್ಟಿಸುವುದು ಸಹಕಾರಿ ಸಂಘ. ಲೈನು ಕಡಿದರೆ ಸಂಘಕ್ಕೆ ಹೋಗಿ ಜಗಳ ಆಡಬಹುದು, ಯಾಕಂದರೆ ಅದು ನಮ್ಮದೇ. ಸ್ವಂತ ಮನೆಯವರ ಕೂಡ ಜಗಳ ಆಡುವ ಹಕ್ಕು ಸಣ್ಣದೇನಲ್ರಿ.

ಹೀಗೆ ನೋಡಿದರೆ ನಮ್ಮ ಭಾಗದ ಪರಂಪರೆ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತದೆ. 1887ರಲ್ಲಿ ಫಾಲ್ಸಿನಲ್ಲಿ ನೀರಿನ ಬಲ ಹಿಡಿದರು. 1969ರಲ್ಲಿ ಹುಕ್ಕೇರಿಯಲ್ಲಿ ಆ ಬಗೆಯ ಬಲವನ್ನು ಹಂಚುವ ಕೈಗಳು ಕೂಡಿದವು. ಯಂತ್ರ ಹೊರಗಿನವರು ತಂದದ್ದು, ಹಂಚುವ ಬುದ್ಧಿ ನಮ್ಮದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ನಾವು ಈ ಎರಡನ್ನೂ ಕೂಡಿಸಿ ನೋಡಬೇಕು.

ಈಗ ಸ್ವಲ್ಪ ಖಾರದ ಮಾತು. ಕಲ್ಲಿನ ಕಟ್ಟಡ ಮಾತ್ರ ಹಾಳು ಬೀಳುತ್ತದೆ ಅಂತ ತಿಳಿಯಬೇಡಿ. ಸಂಸ್ಥೆಗಳೂ ಹಾಳು ಬೀಳುತ್ತವೆ. ಹುಕ್ಕೇರಿಯ ಕೂಡ ಹುಟ್ಟಿದ ಮುಳಾ-ಪ್ರವರಾ ಸಂಘದ ಕೈಯಿಂದ 2011ರಲ್ಲಿ ವಿದ್ಯುತ್ತು ಹಂಚುವ ಕೆಲಸ ಹೋಯಿತು. ನೂರೈವತ್ತು ವರ್ಷ ನಡೆದ ತಾರು ಸೇವೆ ಎರಡು ವರ್ಷದ ನಂತರ ನಿಂತಿತು. ನಲವತ್ತು ವರ್ಷ ಬಾಳಿದ್ದೂ ನಿಲ್ಲುತ್ತದೆ, ನೂರೈವತ್ತು ಬಾಳಿದ್ದೂ ನಿಲ್ಲುತ್ತದೆ. ಅಂದಮೇಲೆ ಇಪ್ಪತ್ತೈದರ ನಮ್ಮ ಸಂಘ ಹಾರ ತುರಾಯಿ ಹಾಕಿಕೊಂಡು ಮೈಮರೆತು ಕುಳಿತರೆ ನಡೆದೀತೆ?

ಇದನ್ನು ಯಾಕೆ ಹೇಳಿದೆವೆಂದರೆ, ಈ ಸ್ಮರಣ ಸಂಚಿಕೆ ಸಿದ್ಧ ಮಾಡುವಾಗ ನಡೆದ ಒಂದು ಸಂಗತಿ. ಸಂಘದ ಮೊಟ್ಟಮೊದಲ ಸಭೆಯ ಠರಾವು ಪುಸ್ತಕ ಬೇಕಾಗಿತ್ತು. ಹುಡುಕಿದೆವು. ಕಪಾಟಿನಲ್ಲಿ ಇಲ್ಲ, ತಿಜೋರಿಯಲ್ಲಿ ಇಲ್ಲ. ಕೊನೆಗೆ ಹಳೇ ಕುರ್ಚಿ ಒಟ್ಟಿದ ಕೋಣೆಯಲ್ಲಿ ಒಂದು ಗೋಣಿಚೀಲದಲ್ಲಿ ಸಿಕ್ಕಿತು. ಮೇಲಿನ ರಟ್ಟು ಗಟ್ಟಿಯಾಗಿದೆ. ತೆರೆದರೆ ಒಳಗೆ ಒರಲೆ ತಿಂದು ಮಣ್ಣು ಮಾಡಿದೆ. ಮೊದಲ ಪುಟದಲ್ಲಿ ‘ಸೂಚಕರು’ ಎಂಬಲ್ಲಿ ಹೆಸರು ಉಳಿದಿದೆ, ‘ಅನುಮೋದಕರು’ ಎಂಬಲ್ಲಿ ತೂತು ಬಿದ್ದಿದೆ. ಈಗ ಇಬ್ಬರು ಹಿರಿಯರು, ಇಬ್ಬರೂ ಇಲ್ಲಿಯೇ ಕುಳಿತಿದ್ದಾರೆ, ‘ಅನುಮೋದನೆ ಕೊಟ್ಟಾಂವ ನಾನು’ ‘ಇಲ್ಲ, ನಾನು’ ಎನ್ನುತ್ತಿದ್ದಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೆ ಹೇಳಬೇಕಾದ ಕಾಗದವನ್ನು ಒರಲೆ ತಿಂದಿದೆ. ಅದೇ ಪುಟದ ಕೆಳಗೆ ಒಬ್ಬ ತಾಯಿಯ ಹೆಬ್ಬೆಟ್ಟಿನ ಗುರುತು ಮಾತ್ರ ಸ್ಪಷ್ಟವಾಗಿದೆ. ಪಕ್ಕದಲ್ಲಿ ಬರೆದ ಹೆಸರು ಹೋಗಿದೆ, ಬೆಟ್ಟಿನ ಗೆರೆ ಉಳಿದಿದೆ. ಆ ತಾಯಿ ಯಾರು? ಯಾವ ಹಣ ಕೂಡಿಸಿ ಶೇರು ತಗೊಂಡಳು? ಈಗ ಹೇಳುವವರಿಲ್ಲ.

ಅದನ್ನು ಕೈಯಲ್ಲಿ ಹಿಡಿದಾಗ ನಮಗೆ ನಾಚಿಕೆಯಾಯಿತು. ನೂರಾ ನಲವತ್ತು ವರ್ಷದ ಪವರ್ ಹೌಸಿನ ಬಗ್ಗೆ ಭಾಷಣ ಮಾಡಲು ಹೊರಟ ನಾವು, ಇಪ್ಪತ್ತೈದು ವರ್ಷದ ನಮ್ಮದೇ ದಪ್ತರ ಉಳಿಸಿಕೊಂಡಿಲ್ಲ. ಯೂಕ್ಲಾಕ್ಕೆ ಮರಳು ಬಂತು, ನಮಗೆ ಒರಲೆ ಬಂತು, ಅಷ್ಟೇ ವ್ಯತ್ಯಾಸ. ಇನ್ನು 2019ರ ಆಗಸ್ಟಿನ ಮಹಾಪೂರ ನೀವೆಲ್ಲ ಕಂಡಿದ್ದೀರಿ. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಮನೆ ಅಂಗಡಿಗಳಿಗೆ ಹೊಳೆ ನುಗ್ಗಿತು. ಅಂಥ ನೀರಿನ ಮುಂದೆ ಗೋಣಿಚೀಲದ ಕಾಗದ ಎಷ್ಟರದು?

ಆದ್ದರಿಂದ ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘದ ಮುಂದೆ ಮೂರು ವಿನಂತಿ ಇಡುತ್ತೇವೆ.

ಒಂದನೆಯದು, ನಮ್ಮ ದಪ್ತರದ ಮಾತು. ಕೀರ್ದಿ, ಖತಾವಣಿ, ಠರಾವು ಪುಸ್ತಕ, ಶೇರು ರಜಿಸ್ಟರು, ಎಲ್ಲವನ್ನೂ ಒಂದು ಕಬ್ಬಿಣದ ಕಪಾಟಿನಲ್ಲಿ, ನೆಲದಿಂದ ಎತ್ತರದಲ್ಲಿ ಇಡಬೇಕು. ಪ್ರತಿ ಪುಟದ ಫೋಟೋ ತೆಗೆದು ಇನ್ನೊಂದು ಊರಿನಲ್ಲಿ ಒಂದು ಪ್ರತಿ ಇರಬೇಕು. ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಇವತ್ತಿನ ಮಂಟಪದ ಖರ್ಚಿನಲ್ಲಿ ಒಂದು ಪಾಲು ಸಾಕು.

ಎರಡನೆಯದು, ಹಿರಿಯರ ಮಾತು. ನಮ್ಮ ಸದಸ್ಯರಲ್ಲಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು ಇದ್ದಾರೆ. ನೂಲು ಹರಿದಾಗ ಗಂಟು ಹಾಕುವ ಬಗೆ, ರಾತ್ರಿ ಪಾಳಿಯ ನಿದ್ದೆ, ಮೊದಲ ಪಗಾರದಲ್ಲಿ ಅವ್ವನಿಗೆ ತಂದ ಇಳಕಲ್ಲ ಸೀರೆ, ಇದೆಲ್ಲ ಅವರ ಬಾಯಲ್ಲಿದೆ, ಪುಸ್ತಕದಲ್ಲಿ ಇಲ್ಲ. ಮನೆಗೆ ಮೊದಲು ಲೈಟು ಬಂದ ದಿನ ಅಜ್ಜಿ ಬಲ್ಬಿಗೆ ಕುಂಕುಮ ಹಚ್ಚಿ ಕೈಮುಗಿದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. ಅದನ್ನು ಬರೆದಿಡಬೇಕು. ಸಾಲೀ ಮಕ್ಕಳೇ, ಈ ಕೆಲಸ ನಿಮ್ಮದು. ನಿಮ್ಮ ಕೈಯಲ್ಲಿ ಮೊಬೈಲು ಇದೆ. ದಿನಾ ಅರ್ಧ ತಾಸು ಅಜ್ಜನ ಮುಂದೆ ಹಿಡಿದು ಕೂಡ್ರಿ. ಭಾನುವಾರ ಮುಂಜಾನೆ ನಾವು ಸಂಘದ ಪಡಸಾಲೆಯಲ್ಲಿ ಕುಳಿತು ಬರೆದುಕೊಳ್ಳಲು ಸಿದ್ಧರಿದ್ದೇವೆ, ಚಹಾದ ಖರ್ಚು ನಮ್ಮದು.

ಮೂರನೆಯದು, ಫಾಲ್ಸಿನ ಮಾತು. ಹಳೆಯ ಕಟ್ಟಡ, ತೂಗುಸೇತುವೆ, ಗುಡಿಯ ಗೋಡೆಗಳ ಮೇಲೆ ಹೆಸರು ಕೆತ್ತುವುದನ್ನು ನಮ್ಮ ಊರಿನ ಹುಡುಗರಾದರೂ ನಿಲ್ಲಿಸಬೇಕು. ಪ್ಲಾಸ್ಟಿಕ್ಕು ಕಂದರಕ್ಕೆ ಒಗೆಯಬಾರದು. ಬಂಡೆಯ ತುದಿಗೆ ಹೋಗಿ ಫೋಟೋ ತೆಗೆಯುವ ಹುಚ್ಚಾಟಕ್ಕೆ ಜೀವ ಕಳೆದುಕೊಳ್ಳಬಾರದು. ನೋಡಲು ಬಂದವರಿಗೆ ‘ಇದು 1887ರಿಂದ ನೀರು ದುಡಿದ ಜಾಗ’ ಎಂದು ಕನ್ನಡದಲ್ಲಿ ಹೇಳುವ ಒಂದು ಫಲಕ ಹಾಕಿಸಲು, ಸಂಬಂಧಪಟ್ಟವರ ಅನುಮತಿ ಪಡೆದು, ಸಂಘ ಮುಂದಾಗಲಿ. ಮುಂದಿನ ವಾರ್ಷಿಕ ಸಾಧಾರಣ ಸಭೆಯಲ್ಲಿ ಈ ಮೂರಕ್ಕೂ ಠರಾವು ಆಗಲಿ. ಆ ಠರಾವಿಗೆ ನಮ್ಮ ಆ ಇಬ್ಬರು ಹಿರಿಯರೂ ಕೂಡಿಯೇ ಅನುಮೋದನೆ ಕೊಡಲಿ. ಆಗ ಇಪ್ಪತ್ತೈದು ವರ್ಷದ ಜಗಳವೂ ಹರಿಯುತ್ತದೆ.

ಬಂಧುಗಳೆ, ನಮ್ಮ ಮಾತು ಉದ್ದವಾಯಿತು, ಹಿಂದೆ ಅಡಿಗೆಯ ವಾಸನೆ ಬರುತ್ತಿದೆ. ಒಂದೇ ಮಾತು ಹೇಳಿ ಮುಗಿಸುತ್ತೇವೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಸಹಕಾರಿ ಸಂಘದ ಗೋಡೆ ಗೋಡೆಯ ಮೇಲೆ ಬರೆದಿರುತ್ತದೆ. ಹಳ್ಳವಾದರೆ ಸಾಲದು. ಎತ್ತರದಿಂದ ಬಿದ್ದ ಹೊಳೆಯ ಬಲವನ್ನು ಹಿಡಿಯುವವರು ಬೇಕು, ಹಿಡಿದದ್ದನ್ನು ಕಟ್ಟಕಡೆಯ ಮನೆಗೆ ಮುಟ್ಟಿಸುವವರು ಬೇಕು, ಯಾರು ಮುಟ್ಟಿಸಿದರು ಎಂದು ಬರೆದಿಡುವವರೂ ಬೇಕು. ಮೊದಲ ಎರಡನ್ನು ನಮ್ಮ ಹಿರಿಯರು ಮಾಡಿ ಹೋಗಿದ್ದಾರೆ. ಮೂರನೆಯದು ನಮ್ಮ ಪಾಲಿಗೆ ಬಂದಿದೆ. ಸಂಘದ ಸುವರ್ಣ ಮಹೋತ್ಸವದ ದಿನ ಈ ವೇದಿಕೆಯ ಮೇಲೆ ನಿಲ್ಲುವವರು ಠರಾವು ಪುಸ್ತಕ ತೆರೆದಾಗ ಒಂದು ಹೆಸರೂ ಹೋಗಿರಬಾರದು.

ಆ ಹೆಬ್ಬೆಟ್ಟಿನ ತಾಯಿಗೆ ನಮ್ಮೆಲ್ಲರ ಪರವಾಗಿ ನಮಸ್ಕಾರ ಹೇಳಿ, ವಿರಮಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.